1998ರ ಜಿಪ್ಸಿ: ಮೇಲೆ ಹೊಸ ಪೇಂಟು, ಅಡಿಯಲ್ಲಿ ಏನಿದೆಯೋ ಗೊತ್ತಿಲ್ಲ

ಕೊಟ್ಟಿಗೆಹಾರದ_ಮಳೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಟ್ಟಿಗೆಹಾರದ ಹತ್ತಿರ ನಾಲ್ಕೂವರೆ ಎಕರೆ ಕಾಫಿ. ಟಾರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರು ಮಣ್ಣು ದಾರಿ, ಮಧ್ಯೆ ಒಂದು ಹಳ್ಳ. ಜೂನ್ ಬಂತೆಂದರೆ ನನ್ನ ಕಾರು ರಸ್ತೆ ಪಕ್ಕದ ಪರಿಚಯದವರ ಶೆಡ್ಡಿನಲ್ಲೇ ಉಳಿಯುತ್ತದೆ. ಗೊಬ್ಬರದ ಮೂಟೆ, ಗ್ಯಾಸ್ ಸಿಲಿಂಡರ್ ಎಲ್ಲ ತಲೆ ಮೇಲೆ. ಹೋದ ಮಳೆಗಾಲದಲ್ಲಿ ಅಮ್ಮನಿಗೆ ಜ್ವರ ಜಾಸ್ತಿಯಾದಾಗ ಬಾಡಿಗೆ ಜೀಪಿಗೆ ಎರಡು ಗಂಟೆ ಕಾದೆವು. ಒಂದು ಫೋರ್ ವ್ಹೀಲ್ ಗಾಡಿ ತಗೊಳ್ಳಲೇಬೇಕು ಅಂತ ಆವತ್ತೇ ತೀರ್ಮಾನ ಮಾಡಿದೆ.

ಹೊಸ ಥಾರ್ ನಮ್ಮ ಕೈಗೆ ಎಟುಕುವುದಲ್ಲ. ಹೋದ ಭಾನುವಾರ ಸಕಲೇಶಪುರದ ಕಡೆ ಒಂದು ಮಾರುತಿ ಜಿಪ್ಸಿ ಕಿಂಗ್ ನೋಡಿ ಬಂದೆ. 1998ರ ಮಾಡೆಲ್, ಕಾರ್ಬುರೇಟರ್ ಎಂಜಿನ್, ಐದು ಗೇರ್, ಕೆಎ-19 ನಂಬರ್, ಈಗಿನವರು ಮೂರನೇ ಓನರ್. ಮಿಲಿಟರಿ ಹಸಿರು ಬಣ್ಣ ಹೊಸದಾಗಿ ಹೊಡೆಸಿದ್ದಾರೆ. ದಪ್ಪ ಟೈರು, ಮುಂದೆ ಎಲ್‌ಇಡಿ ಲೈಟು. ಅಡಿಗೂ ಕಪ್ಪಗೆ ಕೋಟಿಂಗ್ ಮಾಡಿಸಿದ್ದಾರೆ. ಮೀಟರ್‌ನಲ್ಲಿ 71 ಸಾವಿರ. ನಾನು ಹೋಗುವಷ್ಟರಲ್ಲಿ ಗಾಡಿ ಅಂಗಳದಲ್ಲಿ ಸ್ಟಾರ್ಟ್ ಆಗಿ ನಿಂತಿತ್ತು. ಟಾರು ರಸ್ತೆಯಲ್ಲಿ ಎರಡು ಕಿಲೋಮೀಟರು ಓಡಿಸಿದೆ, ಚೆನ್ನಾಗಿಯೇ ಹೋಯಿತು. 3 ಲಕ್ಷ 60 ಸಾವಿರ ಹೇಳುತ್ತಿದ್ದಾರೆ. ಬ್ರೋಕರ್ ದಿನಕ್ಕೆ ಮೂರು ಸಲ ಫೋನ್ ಮಾಡಿ ಇನ್ನೊಂದು ಪಾರ್ಟಿ ರೆಡಿ ಇದೆ ಅನ್ನುತ್ತಾನೆ.

ನನಗೆ ಟೈರ್ ಬದಲಾಯಿಸುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲ. ನಮ್ಮೂರ ಮೆಕ್ಯಾನಿಕ್ "ಮೊದಲು ತಗೊಂಡು ಬನ್ನಿ, ಆಮೇಲೆ ನೋಡೋಣ" ಅನ್ನುತ್ತಾರೆ. ತಂದ ಮೇಲೆ ನೋಡಿ ಏನು ಮಾಡುವುದು? ದುಡ್ಡು ಕೊಡುವ ಮುಂಚೆ ನಾನೇ ನೋಡಬಹುದಾದದ್ದು ಏನೇನಿದೆ, ಗೊತ್ತಿದ್ದವರು ದಯವಿಟ್ಟು ಹೇಳಿ.

ಬಯಲುಸೀಮೆ_ಬಾಸ್:

ಜಿಪ್ಸಿ ಪೆಟ್ರೋಲ್ ಕುಡಿಯುತ್ತೆ ಬ್ರೋ. ಅದೇ ದುಡ್ಡಿಗೆ ಒಂದು ಹಳೇ ಬೊಲೆರೋ ಕ್ಯಾಂಪರ್ ಫೋರ್ ವ್ಹೀಲ್ ಹುಡುಕಿ. ಜಿಪ್ಸಿಯೇ ಬೇಕು ಅಂದರೆ ತಗೊಳ್ಳಿ, ಎಂಜಿನ್ ಶಬ್ದ ಚೆನ್ನಾಗಿದ್ದರೆ ಉಳಿದದ್ದೆಲ್ಲ ನಡೆಯುತ್ತೆ.

ಹಳೇ_ಪಾನಾ:

ಎಂಜಿನ್ ಶಬ್ದ ಚೆನ್ನಾಗಿದ್ದರೆ ಉಳಿದದ್ದೆಲ್ಲ ನಡೆಯುತ್ತೆ ಅಂತ ನಂಬಿಕೊಂಡೇ ನಾನು 2011ರಲ್ಲಿ ಒಂದು ಜಿಪ್ಸಿ ತಂದೆ. ಎಂಜಿನ್ ನಿಜಕ್ಕೂ ಚೆನ್ನಾಗಿತ್ತು. ಹನ್ನೊಂದನೇ ದಿನ ನಾಲ್ಕು ಮೂಟೆ ಕಾಫಿ ಚೆರಿ ಹಾಕಿಕೊಂಡು ತೋಟದ ಏರು ಹತ್ತುವಾಗ ಹಿಂದೆ ಎಡಗಡೆ ಧಡ್ ಅಂತು. ಇಳಿದು ಬಗ್ಗಿ ನೋಡಿದರೆ ಲೀಫ್ ಪ್ಲೇಟಿನ (ಪಟ್ಟಿ ಸ್ಪ್ರಿಂಗಿನ) ಹಿಂದಿನ ತುದಿ ಹಿಡಿಯುವ ಕೊಂಡಿ, ಅಂದರೆ ಶ್ಯಾಕಲ್, ಚಾಸಿಯ (ಗಾಡಿಯ ಅಸ್ಥಿಪಂಜರದ) ಒಳಗೇ ನುಗ್ಗಿ ಕೂತಿದೆ! ನಾನು ಚಾಸಿ ಅಂದುಕೊಂಡಿದ್ದು ಚಾಸಿಯೇ ಅಲ್ಲ. ತುಕ್ಕಿನ ಮೇಲೆ ಫೈಬರ್ ಮ್ಯಾಟು, ಅದರ ಮೇಲೆ ಪುಟ್ಟಿ, ಅದರ ಮೇಲೆ ಕಪ್ಪು ಕೋಟಿಂಗ್. ಕೈ ಹಾಕಿ ಎಳೆದರೆ ಹಲಸಿನಕಾಯಿ ಸಿಪ್ಪೆಯ ಥರ ದಪ್ಪಗೆ ಎದ್ದು ಬಂತು. ನನ್ನ ಹೆಂಡತಿ ಇವತ್ತಿಗೂ ಹಲಸು ಹೆಚ್ಚುವಾಗ ನನ್ನ ಮುಖ ನೋಡಿ ನಗುತ್ತಾಳೆ.

ಆಮೇಲೆ ನನಗಾಗಿ ಸ್ವಲ್ಪ, ಸ್ನೇಹಿತರಿಗಾಗಿ ಜಾಸ್ತಿ, ಒಂದಿಪ್ಪತ್ತು ಹಳೇ ಜೀಪು ಜಿಪ್ಸಿಗಳ ಅಡಿಗೆ ಮಲಗಿ ಎದ್ದಿದ್ದೇನೆ. ನೀವು ಬರೆದಿದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕೆಎ-19. ಮಂಗಳೂರಿನ ನಂಬರ್. ಅಂದರೆ ಗಾಡಿಯ ಬಾಲ್ಯ ಕರಾವಳಿಯ ಉಪ್ಪು ಗಾಳಿಯಲ್ಲಿ ಕಳೆದಿರಬಹುದು. ಯಾರಾದರೂ ಬೀಚಿಗೆ ಇಳಿಸಿದ್ದರೆ ಕೇಳುವುದೇ ಬೇಡ. ಅದರ ಮೇಲೆ ಘಟ್ಟದ ಮಳೆ. ಅದರ ಮೇಲೆ ಈಗ ಹೊಸ ಕಪ್ಪು ಕೋಟಿಂಗ್. ಒಳ್ಳೆ ಮನಸ್ಸಿನಿಂದಲೇ ಮಾಡಿಸಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಮಾರುವ ಮುಂಚೆ ಯಾರೂ ನೋಡದ ಜಾಗಕ್ಕೆ ದುಡ್ಡು ಹಾಕುವವರು ಎಷ್ಟು ಜನ?

ಹೋಗುವಾಗ ಒಂದು ಸಣ್ಣ ಸುತ್ತಿಗೆ, ಉದ್ದನೆಯ ಸ್ಕ್ರೂ ಡ್ರೈವರ್, ಟಾರ್ಚು, ಜಾಕಿ, ಹಳೇ ಬಿಳಿ ಪಂಚೆಯ ತುಂಡು ಮತ್ತು ಮಲಗಲು ಒಂದು ಗೋಣಿಚೀಲ ತಗೊಂಡು ಹೋಗಿ. ಜೊತೆಗೆ ಒಬ್ಬರು ಇರಲಿ, ಬ್ರೇಕ್ ಒತ್ತಲು ಬೇಕಾಗುತ್ತಾರೆ.

ಮೊದಲು ಚಾಸಿ. ಜಿಪ್ಸಿಯ ಚಾಸಿ ಪೆಟ್ಟಿಗೆಯ ಥರ ಒಳಗೆ ಟೊಳ್ಳು. ತೂತುಗಳಿಂದ ಕೆಸರು ಒಳಗೆ ಹೋಗುತ್ತದೆ, ಅಲ್ಲೇ ಕೂತು ವರ್ಷಗಟ್ಟಲೆ ಒದ್ದೆಯಾಗಿರುತ್ತದೆ. ಹಾಗಾಗಿ ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಹೊರಗೆ ಕಾಣುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಮುಂದಿನಿಂದ ಹಿಂದಕ್ಕೆ ಗೇಣಿಗೊಂದರಂತೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಪುಟ್ಟಿ ಇದ್ದ ಕಡೆ ಡಬ್ ಅನ್ನುತ್ತದೆ. ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಡಬ್ ಅಂದ ಕಡೆ ಸ್ಕ್ರೂ ಡ್ರೈವರ್ ಒತ್ತಿ. ಹಿಂದಿನ ಶ್ಯಾಕಲ್ ಕೂರುವ ಜಾಗ, ಬಾಡಿ ಚಾಸಿಯ ಮೇಲೆ ಕೂರುವ ರಬ್ಬರ್‌ಗಳ ಸುತ್ತ, ಹಿಂದಿನ ಚಕ್ರದ ಒಳಮಗ್ಗುಲು, ಇಲ್ಲೆಲ್ಲ ಎರಡೆರಡು ಸಲ ನೋಡಿ. ಚಾಸಿಯ ತೂತಿನೊಳಗೆ ಬೆರಳು ಹಾಕಿ ಕೆರೆದರೆ ಒಣ ಮಣ್ಣು ಬರುವುದು ಸಹಜ. ಹಪ್ಪಳದ ಚೂರಿನ ಹಾಗೆ ಪದರ ಪದರ ತುಕ್ಕು ಬಂದರೆ ಅಲ್ಲಿಗೇ ಎದ್ದು ಬನ್ನಿ.

ಇನ್ನು ಮುಂದಿನ ಚಕ್ರ. ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ, ಯಾಕೆಂದರೆ ಐದೇ ನಿಮಿಷ ಸಾಕು, ಯಾರೂ ಸುಳ್ಳು ಹೇಳಲು ಆಗುವುದಿಲ್ಲ. ಒಂದು ಕಡೆ ಜಾಕಿ ಹಾಕಿ ಚಕ್ರ ಎತ್ತಿ. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಒಳಗೆ ಹೊರಗೆ ಅಲ್ಲಾಡಿಸಿ. ಟಕ್ ಟಕ್ ಅಂತ ಆಡಿದರೆ ಎಲ್ಲೋ ಸಡಿಲ ಇದೆ. ಎಲ್ಲಿ? ಜೊತೆಯವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ನಿಂತುಹೋದರೆ ಅದು ವ್ಹೀಲ್ ಬೇರಿಂಗ್, ಟೈಟ್ ಮಾಡಿದರೆ ಅಥವಾ ಬದಲಾಯಿಸಿದರೆ ಮುಗಿಯಿತು. ಬ್ರೇಕ್ ಒತ್ತಿದರೂ ಹಾಗೇ ಆಡುತ್ತಿದ್ದರೆ ಕಿಂಗ್ ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು) ಬೇರಿಂಗ್ ಹೋಗಿದೆ. ಬ್ರೇಕ್ ಹಿಡಿದಾಗ ಚಕ್ರವೂ ಅದನ್ನು ಹೊತ್ತು ಆ ಕೀಲಿನ ಮೇಲೆ ಹೊರಳುವ ನಕಲ್ಲೂ ಒಂದೇ ತುಂಡಾಗುತ್ತವೆ, ಆಮೇಲೂ ಉಳಿದ ಆಟ ನಕಲ್ಲಿನದ್ದೇ. ಕಿಂಗ್ ಪಿನ್ ಮಾಡಿಸಬಹುದು, ಆದರೆ ಪೂರ್ತಿ ಬಿಚ್ಚಬೇಕು.

ಚಕ್ರ ಎತ್ತಿದ್ದೀರಲ್ಲ, ಅದರ ಹಿಂದೆ ಸುಲಿದ ತೆಂಗಿನಕಾಯಿ ಗಾತ್ರದ ಉಕ್ಕಿನ ಗುಂಡು ಕಾಣುತ್ತದೆ. ಅದನ್ನೂ ನೋಡಿ. ಅದರ ಮೇಲೆ ತೆಳ್ಳಗೆ ಗ್ರೀಸ್ ಪಸೆ ಇದ್ದರೆ ಒಳ್ಳೆಯದು. ಒಣಗಿ ತುಕ್ಕಿನ ಗುಳಿ ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ಬಾಳುವುದಿಲ್ಲ. ಗುಂಡಿನ ಕೆಳಗಿನಿಂದ ನೀರು ನೀರಾದ ಆಯಿಲ್ ಜಿನುಗುತ್ತಿದ್ದರೆ, ಒಳಗಿನ ಆಕ್ಸಲ್ ಸೀಲ್ ಹೋಗಿ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಆಯಿಲ್ ಬಂದು ಗ್ರೀಸನ್ನು ತೊಳೆದುಕೊಂಡು ಹೋಗುತ್ತಿದೆ ಅಂತ ಅರ್ಥ. ಅಲ್ಲಿ ಗ್ರೀಸ್ ಹೊಡೆದು ವರ್ಷ ಎಷ್ಟಾಯಿತು ಅಂತ ಆ ಗುಂಡೇ ಹೇಳುತ್ತದೆ, ಓನರನ್ನು ಕೇಳಬೇಕಾಗಿಲ್ಲ.

ಡಿಫರೆನ್ಷಿಯಲ್. ಆಯಿಲ್ ಹಾಕುವ ಮೇಲಿನ ಬೋಲ್ಟ್ ಮಾತ್ರ ಬಿಚ್ಚಿಸಿ, ಕೆಳಗಿನದು ಮುಟ್ಟಬೇಡಿ. ಕಿರುಬೆರಳು ಬಗ್ಗಿಸಿ ಒಳಗೆ ಹಾಕಿ. ಆಯಿಲ್ ತೂತಿನ ಅಂಚಿಗೆ ಸಿಗಬೇಕು. ಬೆರಳನ್ನು ಪಂಚೆ ತುಂಡಿಗೆ ಒರೆಸಿ. ಕಪ್ಪು ಅಥವಾ ಕಂದು ಇದ್ದರೆ ಸರಿ. ಹಾಲು ಹಾಕಿದ ಕಾಫಿಯ ಬಣ್ಣ ಬಂದರೆ ಒಳಗೆ ನೀರು ಸೇರಿದೆ. ಹೇಗೆ ಸೇರುತ್ತದೆ ಗೊತ್ತಾ? ಹೌಸಿಂಗ್‌ನ (ಆ ಪೆಟ್ಟಿಗೆಯ ಹೊರಕವಚದ) ಮೇಲೆ ಒಂದು ಸಣ್ಣ ಬ್ರೀದರ್ ಇರುತ್ತದೆ, ಹೌಸಿಂಗ್ ಉಸಿರಾಡುವ ಮೂಗು ಅಂತ ಇಟ್ಟುಕೊಳ್ಳಿ. ಅದು ಕೆಸರಿನಿಂದ ಮುಚ್ಚಿಹೋಗಿರುತ್ತದೆ. ಓಡಿ ಓಡಿ ಬಿಸಿಯಾದ ಹೌಸಿಂಗ್ ತಣ್ಣಗಿನ ಹಳ್ಳಕ್ಕೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗುತ್ತದೆ. ಮೂಗು ಮುಚ್ಚಿದೆ, ಹಾಗಾಗಿ ಸೀಲ್‌ನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ನಿಮ್ಮ ದಾರಿಯಲ್ಲೂ ಹಳ್ಳ ಇದೆ ಅಂದಿರಿ, ತಗೊಂಡ ಮೇಲೆ ಮೊದಲ ವಾರವೇ ಆ ಬ್ರೀದರ್ ಬಿಚ್ಚಿ ತೊಳೆಸಿ.

ಫೋರ್ ವ್ಹೀಲನ್ನು ಟಾರಿನ ಮೇಲೆ ಪರೀಕ್ಷೆ ಮಾಡಬೇಡಿ. ಹುಲ್ಲು ಅಥವಾ ಮಣ್ಣಿನ ಮೈದಾನಕ್ಕೆ ಒಯ್ಯಿರಿ. ಮುಂದಿನ ಚಕ್ರದ ನಡುವಿನ ಹಬ್‌ಗೆ ತಿರುಗಿಸುವ ಲಾಕ್ ಇದ್ದರೆ ಎರಡೂ ಕಡೆ ಲಾಕ್ ಮಾಡಿ, 4ಎಚ್ (ಮಾಮೂಲಿ ವೇಗದ ಫೋರ್ ವ್ಹೀಲ್) ಹಾಕಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಒಂದು ಸುತ್ತು ಹೊಡೆಯಿರಿ. ಗಾಡಿ ಹಿಡಿದುಕೊಂಡ ಹಾಗೆ ಬಿಗಿಯಾಗಬೇಕು. ಬೆಣ್ಣೆಯಂತೆ ತಿರುಗಿದರೆ ಮುಂದಿನ ಚಕ್ರಕ್ಕೆ ಪವರ್ ಹೋಗುತ್ತಲೇ ಇಲ್ಲ. ಲೋ (ನಿಧಾನವಾಗಿ, ಬಲವಾಗಿ ಎಳೆಯುವ ಫೋರ್ ವ್ಹೀಲ್) ಹಾಕಿ ಒಂದು ಇಳಿಜಾರಲ್ಲಿ ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದು ಇಳಿಸಿ. ಲಿವರ್ ತಾನಾಗಿ ಹೊರಗೆ ಹಾರಿದರೆ ಟ್ರಾನ್ಸ್‌ಫರ್ ಕೇಸ್ (ಹಿಂದೆ ಮುಂದೆ ಪವರ್ ಹಂಚುವ ಗೇರ್ ಪೆಟ್ಟಿಗೆ) ಸವೆದಿದೆ. ಎಷ್ಟೋ ಗಾಡಿಗಳಲ್ಲಿ ಆ ಲಿವರ್ ಹಿಡಿದೇ ಹೋಗಿರುತ್ತದೆ. ಶೋಕಿಗೆ ಇಟ್ಟುಕೊಂಡವರು ವರ್ಷಗಟ್ಟಲೆ ಅದನ್ನು ಮುಟ್ಟಿರುವುದಿಲ್ಲ.

ಎಂಜಿನ್ ಬಗ್ಗೆ ನಾಲ್ಕೇ ಮಾತು. ಬೆಳಿಗ್ಗೆ ಹೇಳದೇ ಹೋಗಿ. ನಮಸ್ಕಾರ ಹೇಳುವ ಮುಂಚೆ ಬಾನೆಟ್ ಮೇಲೆ ಕೈ ಇಡಿ, ತಣ್ಣಗಿರಬೇಕು. ನಿಮ್ಮನ್ನು ಸ್ಟಾರ್ಟ್ ಆದ ಗಾಡಿಯೇ ಸ್ವಾಗತಿಸಿದ್ದು ನನಗಂತೂ ಹಿಡಿಸಲಿಲ್ಲ. ತಣ್ಣಗಿದ್ದಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಕೆಂಪು ಮಣ್ಣಿನ ನೀರಿನಂತಿದ್ದರೆ ಕೂಲೆಂಟ್ ಕಾಣದೆ ಹಳ್ಳದ ನೀರಲ್ಲೇ ಬೆಳೆದ ಎಂಜಿನ್ ಅದು. ಆಯಿಲ್ ಮುಚ್ಚಳದ ಒಳಗೆ ಮೊಸರಿನಂಥದ್ದು ಚೂರೇ ಚೂರು ಇದ್ದರೆ ಹೆದರಬೇಡಿ, ನಮ್ಮ ಚಳಿಗೆ ಹತ್ತಿರದ ಓಡಾಟ ಮಾಡಿದರೆ ಹಾಗಾಗುತ್ತದೆ. ಬಕೆಟ್‌ಗಟ್ಟಲೆ ಇದ್ದರೆ ಹೆದರಿ. ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ತೋರಿಸದಿದ್ದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ.

71 ಸಾವಿರ ಅನ್ನುವ ಅಂಕಿಯನ್ನು ಮರೆತುಬಿಡಿ. ಮೀಟರ್ ಕೇಬಲ್ ಕಳಚುವುದು ಎರಡು ನಿಮಿಷದ ಕೆಲಸ. ಅದು ನಿಜವೇ ಆದರೂ, ತೋಟದಲ್ಲಿ ಲೋ ಹಾಕಿ ದುಡಿದ ಗಾಡಿಯ ಎಂಜಿನ್ ಸುತ್ತಿದ್ದು ಜಾಸ್ತಿ, ಮೀಟರ್ ತೋರಿಸಿದ್ದು ಕಡಿಮೆ.

ಕೊಟ್ಟಿಗೆಹಾರದ_ಮಳೆ:

ಅಣ್ಣ, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಎರಡು ಅನುಮಾನ. ಬೋಲ್ಟ್ ಬಿಚ್ಚಲು ಅವರು ಒಪ್ಪದಿದ್ದರೆ? ಇನ್ನೊಂದು, ಮೊದಲು ಹೇಳಲು ಮರೆತಿದ್ದೆ, 55-60ರಲ್ಲಿ ಒಂದು ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಗಡಗಡ ನಡುಗಿತು, ಸ್ಲೋ ಮಾಡಿದ ಮೇಲೆ ನಿಂತಿತು. ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೆ ಸರಿಹೋಗುತ್ತೆ ಅಂದ ಬ್ರೋಕರ್.

ಹಳೇ_ಪಾನಾ:

ಆ ನಡುಕ ಮರೆಯುವ ವಿಷಯವಾ ಮಾರಾಯ್ರೇ! ಬ್ಯಾಲೆನ್ಸಿಂಗ್ ಇರಲೂಬಹುದು. ಆದರೆ ಗುಂಡಿಗೆ ಬಿದ್ದ ಮೇಲೆ ಶುರುವಾಗಿ, ತಾನಾಗಿ ನಿಲ್ಲದೆ, ಸ್ಲೋ ಮಾಡಿದರೆ ಮಾತ್ರ ನಿಲ್ಲುವ ನಡುಕ ಹೆಚ್ಚಾಗಿ ಕಿಂಗ್ ಪಿನ್, ಟೈ ರಾಡ್ ಎಂಡ್ (ಸ್ಟೇರಿಂಗ್ ಸರಳಿನ ತುದಿಯ ಕೀಲು), ಲೀಫ್ ಪ್ಲೇಟಿನ ಬುಷ್, ಇವುಗಳ ಸಡಿಲದಿಂದ ಬರುತ್ತದೆ. ಮೇಲಿಂದ ದಪ್ಪ ಟೈರು ಬೇರೆ, ಅಷ್ಟು ಭಾರ ತಡೆಯಲು ಆ ಕೀಲುಗಳಿಗೆ ಕಷ್ಟ. ಕೆಲವರು ರೋಗ ಬಿಟ್ಟು ಸ್ಟೇರಿಂಗ್ ಡ್ಯಾಂಪರ್ (ನಡುಕ ಹೀರುವ ಶಾಕ್ ಅಬ್ಸಾರ್ಬರ್) ಮಾತ್ರ ಹೊಸದು ಹಾಕುತ್ತಾರೆ, ಒಂದೆರಡು ತಿಂಗಳು ನಡುಕ ಅಡಗುತ್ತದೆ. ಇಡೀ ಗಾಡಿ ಹಳೆಯದಾಗಿ ಡ್ಯಾಂಪರ್ ಒಂದೇ ಫಳಫಳ ಅಂತಿದ್ದರೆ ಅರ್ಥ ಮಾಡಿಕೊಳ್ಳಿ.

ಬೋಲ್ಟ್ ವಿಷಯ: ಪಕ್ಕದ ಗ್ಯಾರೇಜಿನಲ್ಲಿ ನನ್ನ ಖರ್ಚಿನಲ್ಲೇ ಬಿಚ್ಚಿಸುತ್ತೇನೆ, ಕಡಿಮೆ ಇದ್ದರೆ ಆಯಿಲ್ಲೂ ನಾನೇ ತುಂಬಿಸುತ್ತೇನೆ ಅನ್ನಿ. ಅದಕ್ಕೂ ಒಪ್ಪದಿದ್ದರೆ ಬೆರಳು ಹಾಕದೆಯೇ ಉತ್ತರ ಸಿಕ್ಕಿತು.

ಆರ್‌ಸಿ_ರಾಯರು:

ಮೆಕ್ಯಾನಿಕಲ್ ವಿಷಯ ನನ್ನದಲ್ಲ, ಕಾಗದದ ಬಗ್ಗೆ ಮಾತ್ರ. 1998ರ ಗಾಡಿಯ ಆರ್‌ಸಿ ಹದಿನೈದು ವರ್ಷಕ್ಕೆ, ಅಂದರೆ 2013ಕ್ಕೆ ಮುಗಿದಿರುತ್ತದೆ. ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಸಮಯಕ್ಕೆ ಸರಿಯಾಗಿ ಮಾಡಿಸಿದ್ದರೆ ಈಗ 2028ರವರೆಗೆ ಇರಬೇಕು. ಇಲ್ಲದಿದ್ದರೆ ಆ ಖರ್ಚು, ಓಡಾಟ ನಿಮ್ಮ ತಲೆಗೆ. 2022ರ ಏಪ್ರಿಲ್‌ನಿಂದ ಕಾರಿನ ರಿನ್ಯೂವಲ್ ಫೀಸು 600ರಿಂದ 5000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ ಇನ್ನೂ ಏರಿಸಿದರು. ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಗಾಡಿಯ ಮೇಲೆಯೇ ಓದಿ ಆರ್‌ಸಿ ಜೊತೆ ತಾಳೆ ನೋಡಿ. ಹಳೇ ಜೀಪುಗಳಲ್ಲಿ ಎಂಜಿನ್ ಬದಲಾಯಿಸಿ ಆರ್‌ಸಿಯಲ್ಲಿ ಸೇರಿಸದೇ ಇರುವುದು ಬಹಳ. ಹಳೇ ಪಾನಾ ಅವರು ಹೇಳಿದ ತುಕ್ಕಿನ ಜಾಗದಲ್ಲೇ ಚಾಸಿ ನಂಬರ್ ಮಾಸಿದ್ದರೆ ಆರ್‌ಟಿಒದಲ್ಲಿ ಪೆನ್ಸಿಲ್ ಪ್ರಿಂಟ್ (ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಅಚ್ಚು) ಬರುವುದಿಲ್ಲ, ಆಗ ಅಳಬೇಕಾಗುತ್ತದೆ.

ಕೊಟ್ಟಿಗೆಹಾರದ_ಮಳೆ:

ಇವತ್ತು ಬೆಳಿಗ್ಗೆ ಏಳಕ್ಕೇ ಹೋದೆ, ಹೇಳದೇ. ಜೊತೆಗೆ ಚಿಕ್ಕಪ್ಪನ ಮಗ. ಬಾನೆಟ್ ಐಸ್‌ನಂತೆ ತಣ್ಣಗಿತ್ತು. ಚೋಕ್ ಎಳೆದು ಮೂರನೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು, ಹೊಗೆ ಇಲ್ಲ. ಎಂಜಿನ್ ಚೆನ್ನಾಗಿಯೇ ಇದೆ ಅಂತ ನನಗೂ ಅನ್ನಿಸಿತು. ಓನರ್ ಬೋಲ್ಟ್ ಬಿಚ್ಚಲು ತಕರಾರೇ ಮಾಡಲಿಲ್ಲ, ಬಿಚ್ಚುವ ಪಾನಾವನ್ನು ತಾವೇ ತಂದುಕೊಟ್ಟರು.

ಹಿಂದಿನ ಡಿಫರೆನ್ಷಿಯಲ್ ಆಯಿಲ್ ಕಪ್ಪು. ಮುಂದಿನದು ಪಕ್ಕಾ ಹಾಲು ಕಾಫಿ. ಬಲಗಡೆ ಚಕ್ರ ಗಟ್ಟಿ. ಎಡಗಡೆ ಟಕ್ ಟಕ್ ಅಂತು. ತಮ್ಮ ಬ್ರೇಕ್ ಒತ್ತಿದ, ಹಾಗೇ ಆಡುತ್ತಲೇ ಇತ್ತು. ಕಿಂಗ್ ಪಿನ್ ಅಲ್ವಾ? ಹುಲ್ಲಿನ ಮೇಲೆ 4ಎಚ್ ಹಾಕಿ ಸುತ್ತಿಸಿದೆ, ಬಿಗಿ ಆಯಿತು.

ಆಮೇಲೆ ಗೋಣಿ ಹಾಸಿ ಮಲಗಿದೆ. ಮುಂದಿನಿಂದ ಶುರು ಮಾಡಿದೆ. ಟಣ್, ಟಣ್, ಟಣ್. ನನಗೂ ಸಮಾಧಾನ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಓನರ್‌ಗೂ ಸಮಾಧಾನ. ಹಿಂದೆ ಎಡಗಡೆ ಶ್ಯಾಕಲ್ ಹತ್ತಿರ ಬಂದಾಗ ಡಬ್. ಇನ್ನೊಂದು ಸಲ ತಟ್ಟಿದೆ, ಡಬ್. ಸ್ಕ್ರೂ ಡ್ರೈವರ್ ಒತ್ತಿದೆ ಅಣ್ಣ, ಅರ್ಧ ಒಳಗೆ ಹೋಯಿತು. ಹೊರಗೆ ತೆಗೆದಾಗ ತುದಿಯಲ್ಲಿ ಬಿಳಿ ಬಿಳಿ ಪುಡಿ.

ಓನರ್ ಏನೂ ಮಾತಾಡಲಿಲ್ಲ. ಟಾರ್ಚು ಕೇಳಿ ತಗೊಂಡು ತಾವೇ ಅಡಿಗೆ ಹೋದರು. ಬಹಳ ಹೊತ್ತು ಬರಲೇ ಇಲ್ಲ. ಎದ್ದು ಬಂದವರು ಕೈ ಒರೆಸಿಕೊಳ್ಳುತ್ತಾ, "ಎಂಟು ತಿಂಗಳ ಹಿಂದೆ ನಾನು ತಗೊಂಡಾಗ ಇದೇ ಥರ ಕಪ್ಪಗೇ ಇತ್ತು" ಅಂದರು. ಹಸಿರು ಬಣ್ಣ ಮಾತ್ರ ಅವರು ಹೊಡೆಸಿದ್ದಂತೆ. ಇವರು ಅದೇ ಗಾಡಿಯಲ್ಲಿ ದಿನಾ ಇಬ್ಬರು ಮಕ್ಕಳನ್ನು ಸ್ಕೂಲ್ ಬಸ್ಸಿನವರೆಗೆ ಬಿಡುತ್ತಿದ್ದರಂತೆ. ಬ್ರೋಕರ್‌ಗೆ ಅಷ್ಟರಲ್ಲಿ ಯಾವುದೋ ಫೋನ್ ಬಂತು, ಗೇಟಿನ ಹತ್ತಿರ ಹೋದವನು ಅಲ್ಲಿಂದಲೇ ಹೋದ. ಮನೆಯವರು ಕಾಫಿ ಕೊಟ್ಟರು, ಕುಡಿದು ಬಂದೆವು. ಈಗ ಸಂಜೆ ಓನರೇ ಫೋನ್ ಮಾಡಿದ್ದರು. 2 ಲಕ್ಷ 30 ಸಾವಿರಕ್ಕೆ ಕೊಡುತ್ತೇನೆ, ಬೇಡವಾದರೆ ಬೇಜಾರಿಲ್ಲ, ಇದನ್ನು ಏನು ಮಾಡಲಿ ಅಂತ ಗೊತ್ತಿದ್ದವರನ್ನು ಕೇಳಿ ಹೇಳಿ ಅಂದರು. ಏನು ಹೇಳಲಿ?

ಹಳೇ_ಪಾನಾ:

ಪಾಪ, ಅವರ ಸ್ಥಿತಿ ನನಗೆ ಚೆನ್ನಾಗಿ ಗೊತ್ತು.

ನಿಮಗೆ ಮೊದಲು. ಮುಂದಿನ ಆಯಿಲ್, ಸೀಲ್, ಬ್ರೀದರ್, ಕಿಂಗ್ ಪಿನ್ ಇವೆಲ್ಲ ದುಡ್ಡು ಕೊಟ್ಟರೆ ಸರಿಹೋಗುವ ಕೆಲಸ. ಆಯಿಲ್ ಬದಲಾಯಿಸಿ ನೂರು ಕಿಲೋಮೀಟರು ಓಡಿಸಿ ಮತ್ತೊಮ್ಮೆ ಬದಲಾಯಿಸಬೇಕು, ಬೇರಿಂಗ್ ಗುಂಯ್ ಅಂದರೆ ಅದನ್ನೂ. ಇಷ್ಟೇ ಆಗಿದ್ದರೆ ಬೆಲೆ ಇಳಿಸಿ ತಗೊಳ್ಳಿ ಅನ್ನುತ್ತಿದ್ದೆ. ಆದರೆ ಒಂದು ಕಡೆ ಸ್ಕ್ರೂ ಡ್ರೈವರ್ ಹೋದ ಚಾಸಿ ಇನ್ನೆಲ್ಲಿ ಹೇಗಿದೆ ಅಂತ ಕೋಟಿಂಗ್ ಪೂರ್ತಿ ಕೆರೆಯದೆ ಗೊತ್ತಾಗುವುದಿಲ್ಲ. ನಿಮಗೆ ಬೇಕಾಗಿರುವುದು ಮಳೆಯಲ್ಲಿ ರಾತ್ರಿ ಅಮ್ಮನನ್ನು ಕರೆದುಕೊಂಡು ಹೋಗುವ ಗಾಡಿ. 2 ಲಕ್ಷ 30 ಸಾವಿರಕ್ಕೂ ಬೇಡ.

ಅವರಿಗೆ: ಮೊದಲು ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸುವುದು ನಿಲ್ಲಿಸಲಿ. ಕೋಟಿಂಗ್, ಪುಟ್ಟಿ ಎಲ್ಲ ಕೆರೆಸಿ ಚಾಸಿ ಬರಿ ಕಬ್ಬಿಣ ಕಾಣುವ ಹಾಗೆ ಮಾಡಿಸಲಿ. ಹಾಳಾದದ್ದು ಆ ಒಂದು ಗೇಣು ಮಾತ್ರ ಆಗಿದ್ದರೆ, ಗಟ್ಟಿ ಕಬ್ಬಿಣ ಸಿಗುವವರೆಗೂ ಕತ್ತರಿಸಿ ತೆಗೆದು ಅಷ್ಟೇ ದಪ್ಪದ ಪ್ಲೇಟು ವೆಲ್ಡ್ ಮಾಡುವವರು ಲಾರಿ ಬಾಡಿ ಕಟ್ಟುವ ಕಡೆ ಸಿಗುತ್ತಾರೆ. ತುಕ್ಕಿನ ಮೇಲೆಯೇ ಪ್ಲೇಟು ಅಂಟಿಸುವವರ ಹತ್ತಿರ ಹೋಗಬಾರದು. ಪೆಟ್ರೋಲ್ ಟ್ಯಾಂಕ್ ಹಿಂದೆಯೇ ಇರುವುದು, ವೆಲ್ಡಿಂಗ್ ಮುಂಚೆ ಇಳಿಸಲೇಬೇಕು. ಅಷ್ಟು ಖರ್ಚು ಬೇಡ ಅಂದರೆ ಎಂಜಿನ್ನು, ಗೇರ್‌ಬಾಕ್ಸು ಒಳ್ಳೆಯದಿದೆ, ಅದಕ್ಕೆ ಗಿರಾಕಿ ಇದ್ದಾರೆ. ಆದರೆ ಮುಂದಿನ ಪಾರ್ಟಿಗೆ ತೂತು ತೋರಿಸಿಯೇ ಮಾರಲಿ. ನೀವು ಹೇಳಿ, ನಾನು ಹೇಳಿದೆ ಅಂತ.

ಬಯಲುಸೀಮೆ_ಬಾಸ್:

ಎಂಜಿನ್ ಶಬ್ದದ ಮಾತು ವಾಪಸ್ ತಗೊಂಡೆ 🙏 ನನ್ನ ಬೊಲೆರೋ ಅಡಿಗೂ ಇವತ್ತು ಸುತ್ತಿಗೆ ತಗೊಂಡು ಹೋಗಿದ್ದೆ. ಟಣ್ ಅಂತು. ಒಂದು ಕಡೆ ಮಾತ್ರ ಡಬ್, ಅದು ಸೈಲೆನ್ಸರ್.

ಕೊಟ್ಟಿಗೆಹಾರದ_ಮಳೆ:

ಫೋನ್ ಮಾಡಿ ಎಲ್ಲ ಓದಿ ಹೇಳಿದೆ ಅಣ್ಣ. ಬರೆದುಕೊಂಡರು, ನಿಮಗೆ ನಮಸ್ಕಾರ ಹೇಳಿ ಅಂದರು. ಕೆರೆಸಿ ನೋಡುತ್ತಾರಂತೆ.

ಮುಂದಿನ ಭಾನುವಾರ ಆಲ್ದೂರಿನ ಹತ್ತಿರ ಒಂದು ಮಹೀಂದ್ರಾ ಎಂಎಂ540 ಜೀಪು ಇದೆಯಂತೆ, ಡೀಸೆಲ್, ಕೆಎ-18, ನಮ್ಮ ಚಿಕ್ಕಮಗಳೂರಿನ ನಂಬರ್. ಫೋಟೋದಲ್ಲಿ ಬಣ್ಣ ಮಾಸಿ, ಬಾಗಿಲು ಸೊಟ್ಟಗಾಗಿ, ನೋಡಲು ಸ್ವಲ್ಪವೂ ಚೆನ್ನಾಗಿಲ್ಲ. ಅಡಿಯ ಫೋಟೋ ಕೇಳಿದ್ದೇನೆ, ಕಳಿಸಿದರೆ ಇಲ್ಲೇ ಹಾಕುತ್ತೇನೆ. ಸುತ್ತಿಗೆ ಸೀಟಿನ ಕೆಳಗೇ ಇದೆ.